ಬೂಷ್ಟು ಬಂದ ಮೊಳಕೆ ರಾಗಿ ಹುರಿದರೆ ಸರಿಹೋಗಲ್ಲ

ಮನೆಯಲ್ಲಿ ರಾಗಿ ಮಾಲ್ಟ್ ಮಾಡುವವರು, ಅದರಲ್ಲೂ ಎಳೆ ಮಕ್ಕಳಿಗೆ ರಾಗಿ ಸರಿ ಮಾಡಿ ತಿನ್ನಿಸುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನನ್ನ ಕೈಯಿಂದಲೇ ಹದಿನಾರು ಮನೆಗಳಿಗೆ ಕೆಟ್ಟ ಹಿಟ್ಟು ಹೋಯಿತು.

ನಾನಿರುವುದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ. ಆರು ವರ್ಷದಿಂದ ಮೊಳಕೆ ರಾಗಿ ಹಿಟ್ಟು ಮಾಡಿ ಮಂಡ್ಯ, ಮೈಸೂರಿನ ಗೊತ್ತಿರುವ ಮನೆಗಳಿಗೆ ಕೊಡುತ್ತೇನೆ. ಯಾವಾಗಲೂ ನಮ್ಮ ಹೊಲದ ರಾಗಿಯೇ. ಈ ಸಲ ಸಾಲದೆ ಒಬ್ಬ ವ್ಯಾಪಾರಿ ಹತ್ತಿರ ಒಂದು ಕ್ವಿಂಟಾಲ್ ತಗೊಂಡೆ. ಬೆಲೆ ಸ್ವಲ್ಪ ಕಮ್ಮಿ ಇತ್ತು. ಕಾಳು ಕೈಗೆ ಒಣಗಿಯೇ ಇತ್ತು, ಬಣ್ಣ ಮಾತ್ರ ಮಾಸಿತ್ತು. ಆಮೇಲೆ ಗೊತ್ತಾಯಿತು, ಕೊಯ್ದು ಹೊಲದಲ್ಲಿ ಬಿಟ್ಟಿದ್ದಾಗ ಮಳೆ ಹಿಡಿದು ತೆನೆ ನಾಲ್ಕೈದು ದಿನ ನೆನೆದಿತ್ತಂತೆ. ಬಿಸಿಲು ಬಂದ ಮೇಲೆ ರಸ್ತೆ ಮೇಲೆ ಹಾಸಿ ಒಕ್ಕಿ, ಒಣಗಿಸಿ ಚೀಲಕ್ಕೆ ತುಂಬಿದ್ದರು. ನೀರೇನೋ ಆರಿತ್ತು. ಬೂಷ್ಟಿನ ಬೀಜ ಕಾಳಿನಲ್ಲೇ ಕೂತಿತ್ತು.

ನಮ್ಮ ಕಡೆ ರಾಗಿ ಕೆಡಲ್ಲ ಅನ್ನುವ ನಂಬಿಕೆ ಗಟ್ಟಿ. ನಮ್ಮ ತಾತನ ಕಾಲದಲ್ಲಿ ಹಗೇವಿನಲ್ಲಿ ತುಂಬಿಟ್ಟ ರಾಗಿಯನ್ನು ವರ್ಷಗಟ್ಟಲೆ ಆದಮೇಲೆ ತೆಗೆದು ಉಂಡಿದ್ದಾರೆ. ಅದು ಚೆನ್ನಾಗಿ ಒಣಗಿದ ರಾಗಿ, ಗಾಳಿಯಾಡದ ಗುಂಡಿ. ಮೊಳಕೆ ಕಟ್ಟುವಾಗ ನಾವು ಮಾಡುವುದು ಪೂರ್ತಿ ಉಲ್ಟಾ. ಕಾಳಿಗೆ ನೀರು ಕುಡಿಸಿ, ಬೆಚ್ಚಗೆ ಗಂಟು ಕಟ್ಟಿ, ಎರಡು ದಿನ ಇಡುತ್ತೇವೆ. ಬೂಷ್ಟಿಗೆ ಬೇಕಾದದ್ದೂ ಅದೇ ಅಲ್ವಾ? ಬಾರ್ಲಿ ಮಾಲ್ಟ್ ಮಾಡುವ ಕಾರ್ಖಾನೆಗಳಲ್ಲಿ ಮೊಳಕೆ ಬರಿಸುವ ಜಾಗವನ್ನು 15ರಿಂದ 18 ಡಿಗ್ರಿಯ ತಂಪಿನಲ್ಲಿ ಇಡುತ್ತಾರೆ, ಗಾಳಿ ಊದುತ್ತಾರೆ, ಕಾಳನ್ನು ತಿರುವುತ್ತಲೇ ಇರುತ್ತಾರೆ. ಅಷ್ಟೆಲ್ಲ ಮಾಡಿದರೂ ಅವರಿಗೆ ಬೂಷ್ಟಿನ ಕಾಟ ತಪ್ಪಿದ್ದಲ್ಲ. ನಮ್ಮ ಅಡುಗೆಮನೆ ಹಗಲು ಹೊತ್ತು 28, 30 ಡಿಗ್ರಿ. ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುವ ಬೂಷ್ಟು ಸೊಗಸಾಗಿ ಬೆಳೆಯುವುದು ಈ ಬಿಸಿಯಲ್ಲೇ.

ಇಪ್ಪತ್ತು ಕಿಲೋ ನೆನೆಸಿದೆ. ಎರಡು ದೊಡ್ಡ ಗಂಟು ಕಟ್ಟಿದೆ. ಮಾರನೆಯ ದಿನ ಮದುವೆಗೆ ಹೋಗಿ ಬಂದದ್ದು ತಡವಾಯಿತು, ಬಿಚ್ಚಿ ನೋಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಗಂಟಿನ ಮೇಲೆ ಕೈ ಇಟ್ಟರೆ ಜ್ವರ ಬಂದ ಮಗುವಿನ ಮೈ ಮುಟ್ಟಿದ ಹಾಗೆ ಸುಡುತ್ತಿತ್ತು. ಬಿಚ್ಚಿದೆ. ಮೇಲೆಲ್ಲ ಬೆಳ್ಳಗೆ ಚೆನ್ನಾಗಿ ಮೊಳಕೆ ಬಂದಿತ್ತು. ನಡುವಿಗೆ ಕೈ ಹಾಕಿದರೆ ಕಾಳು ಬಿಡಿಬಿಡಿಯಾಗಿ ಬರಲಿಲ್ಲ, ಹಿಡಿಯಷ್ಟು ಉಂಡೆ ಎದ್ದು ಬಂತು. ಉಂಡೆ ಮುರಿದರೆ ಒಳಗೆ ಜೇಡರ ಬಲೆ ಥರ ಎಳೆ, ಅಲ್ಲಲ್ಲಿ ಹಸಿರು ಪುಡಿ. ಮಳೆಗಾಲದಲ್ಲಿ ಮುಚ್ಚಿಟ್ಟ ಗೋಣಿಚೀಲದ ಮುಗ್ಗಲು ವಾಸನೆ.

ಇಲ್ಲೊಂದು ವಿಷಯ ಹೇಳಲೇಬೇಕು. ರಾಗಿ ಮೊಳಕೆಯ ಬೇರಿಗೂ ಬಿಳಿ ನವಿರು ಇರುತ್ತದೆ. ಹೊಸಬರು ಅದನ್ನೇ ಬೂಷ್ಟು ಅಂತ ಹೆದರಿ ಒಳ್ಳೆ ಮೊಳಕೆ ಎಸೆಯುತ್ತಾರೆ, ಇಲ್ಲ ನನ್ನ ಹಾಗೆ ಬೂಷ್ಟನ್ನೇ ಬೇರು ಅಂದುಕೊಳ್ಳುತ್ತಾರೆ. ಬೇರಿನ ನವಿರು ಆಯಾ ಕಾಳಿನ ಬೇರಿಗೇ ಅಂಟಿರುತ್ತದೆ, ನೀರು ಚಿಮುಕಿಸಿದರೆ ಕಾಣದಂತೆ ಅಡಗುತ್ತದೆ, ಕಾಳು ಬಿಡಿಬಿಡಿಯಾಗಿ ಉದುರುತ್ತದೆ. ಬೂಷ್ಟು ಒಂದು ಕಾಳಿಂದ ಇನ್ನೊಂದು ಕಾಳಿಗೆ ಎಳೆ ಕಟ್ಟಿ ಉಂಡೆ ಮಾಡುತ್ತದೆ. ವಾಸನೆಯಂತೂ ಸುಳ್ಳು ಹೇಳಲ್ಲ.

ಅವತ್ತು ಉಂಡೆ ಆದದ್ದನ್ನೆಲ್ಲ ಆಯ್ದು ಎಸೆದೆ. ಉಳಿದದ್ದನ್ನು ತೊಳೆದು ಬಿಸಿಲಿಗೆ ಹರವಿದೆ. ಹೇಗೂ ಹುರಿಯುತ್ತೇವೆ, ಬೆಂಕಿಗೆ ಏನು ತಾನೇ ಉಳಿಯುತ್ತೆ ಅಂತ ಗೊತ್ತಿರುವವರೊಬ್ಬರು ಅಂದರು. ನನಗೂ ಹಾಗೇ ಅನ್ನಿಸಿತು. ಹುರಿದೆ, ಬೀಸಿಸಿದೆ. ಅರ್ಧ ಕಿಲೋದ 34 ಪ್ಯಾಕೆಟ್ ಆಯಿತು.

ವಾರದೊಳಗೆ ಮೈಸೂರಿನಿಂದ ಒಬ್ಬ ತಾಯಿ ಫೋನ್ ಮಾಡಿದರು. ಸರಿ ಕಹಿಯಾಗಿದೆ, ಮಗು ನಾಲಿಗೆಗೆ ಇಟ್ಟರೆ ಉಗುಳುತ್ತಿದೆ ಅಂದರು. ನಾನೂ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಗಂಟಲಲ್ಲಿ ಕಹಿ ನಿಂತಿತು. ಅವತ್ತೇ ಒಂದು ಪ್ಯಾಕೆಟ್ ಮೈಸೂರಿನ ಲ್ಯಾಬಿಗೆ ಕೊಟ್ಟೆ. ನಮ್ಮ ದೇಶದಲ್ಲಿ ಕಾಳುಗಳಿಗೆ ಹಾಕಿರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್. ಅಂದರೆ ಒಂದು ಟನ್ ರಾಗಿಯಲ್ಲಿ ಐದಾರು ಸಾಸಿವೆ ಕಾಳಿನ ತೂಕದಷ್ಟು. ನನ್ನ ಹಿಟ್ಟಿನಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ ಇತ್ತು.

ಲ್ಯಾಬಿನವರು ಕೂರಿಸಿಕೊಂಡು ವಿವರಿಸಿದರು. ಹುರಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಸಾಯಲ್ಲ. ನೀರು ಕುದಿಯುವುದು 100 ಡಿಗ್ರಿಗೆ. ಈ ವಿಷದ ಮುಖ್ಯ ಬಗೆ ಒಡೆಯಲು 260 ಡಿಗ್ರಿಗೂ ಜಾಸ್ತಿ ಬೇಕು. ಹುರಿದಾಗ ಸ್ವಲ್ಪ ಕಮ್ಮಿಯಾಗಬಹುದು, ಅಷ್ಟೇ. ಕಹಿ ಬಂದದ್ದು ನಮ್ಮ ಪುಣ್ಯ, ಯಾಕೆಂದರೆ ಈ ವಿಷಕ್ಕೆ ತನ್ನದೇ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಅದು ಹೊಡೆಯುವುದು ಲಿವರ್‌ಗೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರಂತೆ. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಮಾಡುವ ರೀತಿಯೇ ಬದಲಾಗಿದೆ. ಹೊರಗಿನ ರಾಗಿ ತಂದರೆ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಇಡುತ್ತೇನೆ. ತೊಂಬತ್ತಾದರೂ ಮೊಳೆಯದಿದ್ದರೆ ಆ ಚೀಲ ಮಾಲ್ಟಿಗೆ ಇಲ್ಲ. ಸತ್ತ ಕಾಳು ಮೊಳೆಯಲ್ಲ, ಕೊಳೆಯುತ್ತದೆ. ಬೂಷ್ಟು ಜಾಸ್ತಿ ಹುಟ್ಟುವುದೇ ಅಲ್ಲಿಂದ. ಒಣಗಿದೆಯೋ ಇಲ್ಲವೋ ನೋಡಲು ಗಾಜಿನ ಬಾಟಲಿಗೆ ಒಂದು ಹಿಡಿ ರಾಗಿ, ಒಣಗಿದ ಪುಡಿ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಉಪ್ಪು ಗಾಜಿಗೆ ಅಂಟಿದ್ದರೆ ಕಾಳಿನಲ್ಲಿ ನೀರಿನಂಶ ಶೇಕಡ 15ಕ್ಕಿಂತ ಜಾಸ್ತಿ ಇದೆ ಅಂತ. ಉಪ್ಪು ಅಂಟದಿದ್ದರೂ ಇನ್ನೊಂದು ಬಿಸಿಲು ಕಾಣಿಸಿ, ಕೂಡಿಡುವುದಕ್ಕೆ ಶೇಕಡ 12ರ ಒಳಗೆ ಬರಬೇಕು.

ನೆನೆಸುವ ಮುಂಚೆ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ರಾಗಿ ಸುರಿದು ಕಲಕಿ, ತೇಲುವ ಜೊಳ್ಳು ಪೂರ್ತಿ ತೆಗೆಯಿರಿ. ಬೂಷ್ಟು ತಿಂದ ಕಾಳು ಹಗುರ, ಮೇಲೆ ಬರುತ್ತದೆ. ಇದೊಂದನ್ನು ಬಿಡಲೇಬೇಡಿ. ನೆನೆಯುವಾಗ ಮೂರು ನಾಲ್ಕು ಗಂಟೆಗೊಮ್ಮೆ ನೀರು ಬದಲಾಯಿಸಿ. ದೊಡ್ಡ ಗಂಟು ಬೇಡ. ಬಿದಿರಿನ ತಟ್ಟೆಯಲ್ಲಿ ಕುದಿಸಿ ಒಣಗಿಸಿದ ಬಟ್ಟೆ ಹಾಸಿ, ಒಂದು ಬೆರಳಿನಷ್ಟೇ ದಪ್ಪ ಹರವಿ, ದಿನಕ್ಕೆ ನಾಲ್ಕು ಸಲ ತಿರುವಿ. ಬೇರು ಕಾಲು ಇಂಚು ಬಂದರೆ ಸಾಕು. ಅವತ್ತೇ ತೆಳ್ಳಗೆ ಬಿಸಿಲಿಗೆ ಹಾಕಿ. ಮೋಡ ಇದ್ದ ದಿನ ನೆನೆಸಲೇಬೇಡಿ. ಒಣಗಿದ ಮೇಲೆ ಉಜ್ಜಿ ಬೇರು ಉದುರಿಸಿ ಮೊರದಲ್ಲಿ ಕೇರಿ.

ಉಳಿದ ಹಿಟ್ಟನ್ನು ಹಸುವಿಗೆ ಹಾಕೋಣ ಅಂದುಕೊಂಡಿದ್ದೆ. ಪಶು ಡಾಕ್ಟರು ತಡೆದರು. ಹಸು ತಿಂದರೆ ಆ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತದಂತೆ. ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ ಹೂತೆ.

34 ಪ್ಯಾಕೆಟ್‌ಗಳಲ್ಲಿ 31ರ ಲೆಕ್ಕ ಸಿಕ್ಕಿದೆ. ಮನೆಮನೆಗೆ ಹೋಗಿ ವಾಪಸ್ ತಂದೆ, ದುಡ್ಡು ಕೊಟ್ಟೆ. ಇನ್ನು ಮೂರು, ಡಿಸೆಂಬರ್ ಎರಡನೇ ವಾರ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬ ಹೆಣ್ಣುಮಗಳು ತಗೊಂಡರು. ಮೈಸೂರಿನಲ್ಲಿರುವ ತಂಗಿಯ ಮಗುವಿಗೆ ಅಂದಿದ್ದರು. ಹೆಸರು ಕೇಳಲಿಲ್ಲ, ನಂಬರ್ ತಗೊಳ್ಳಲಿಲ್ಲ. ಲೇಬಲ್ ಇಲ್ಲದ ಬಿಳಿ ಕವರ್, ಬಾಯಿಗೆ ಕೆಂಪು ದಾರ ಕಟ್ಟಿದೆ. ಅಮ್ಮಾ, ನೀವು ಇದನ್ನು ಓದುತ್ತಿದ್ದರೆ ಆ ಹಿಟ್ಟು ಮಗುವಿಗೆ ಕೊಡಬೇಡಿ. ಕೊಟ್ಟಿದ್ದರೆ ಮಗುವನ್ನು ಒಂದು ಸಲ ಡಾಕ್ಟರಿಗೆ ತೋರಿಸಿ, ಖರ್ಚು ನಾನು ಕೊಡುತ್ತೇನೆ.