ಮನೆ ಸರ್ವರ್‌ಗೆ ಹಳೇ ಇಂಟೆಲ್ ಎಸ್3520 ಎಸ್‌ಎಸ್‌ಡಿ: ಎರಡು ವರ್ಷ ಓಡಿಸಿದ ಮೇಲೆ

ಧಾರವಾಡದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಪುಟ್ಟ ಸರ್ವರ್ ಇದೆ. ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರ್ ಓಡಿಸುವ ಪ್ರಾಕ್ಸ್‌ಮಾಕ್ಸ್ ಎಂಬ ಸಾಫ್ಟ್‌ವೇರ್ ಮೇಲೆ ಐದು ವಿಎಂ (ವರ್ಚುವಲ್ ಮಷೀನ್). ಮುಖ್ಯವಾದದ್ದು ಒಂದೇ, ಅಣ್ಣನ ಬೀಜ-ಗೊಬ್ಬರದ ಅಂಗಡಿಯ ಟ್ಯಾಲಿ ಓಡುವ ವಿಂಡೋಸ್. ಉಳಿದವು ನನ್ನ ಹುಚ್ಚು: ಫೋಟೊ, ಸಿನಿಮಾ, ಜಾಹೀರಾತು ತಡೆಯುವ ಪೈ-ಹೋಲ್ ಇತ್ಯಾದಿ.

ಮೊದಲು ಹಾಕಿದ್ದು ಅಗ್ಗದ ಹೊಸ ಎಸ್‌ಎಸ್‌ಡಿ, ಎರಡು, ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಮಿರರ್‌ನಲ್ಲಿ, ಅಂದರೆ ಎರಡರಲ್ಲೂ ಒಂದೇ ಡೇಟಾ. ಕ್ಯುಎಲ್‌ಸಿ, ಅಂದರೆ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಫ್ಲ್ಯಾಷ್. ಕಂಪನಿ ಹೆಸರು ಬೇಡ ಬಿಡಿ. ಡಬ್ಬಿಯ ಮೇಲಿನ ಸ್ಪೀಡ್ ನೋಡಿ ಖುಷಿಪಟ್ಟಿದ್ದೆ. ಆ ಸ್ಪೀಡ್ ಡ್ರೈವ್ ಒಳಗಿನ ಚಿಕ್ಕ ವೇಗದ ಜಾಗ (ಎಸ್‌ಎಲ್‌ಸಿ ಕ್ಯಾಶ್) ತುಂಬುವ ತನಕ ಅಷ್ಟೇ. ಒಂದು ವಿಎಂನಲ್ಲಿ ಅಪ್‌ಡೇಟ್ ಶುರುವಾದರೆ ಸಾಕು, ಐಒ ಡಿಲೇ (ಡಿಸ್ಕ್‌ಗಾಗಿ ಪ್ರೊಸೆಸರ್ ಕಾಯುವ ಹೊತ್ತು) ಶೇ 60 ದಾಟುತ್ತಿತ್ತು. ಅಲ್ಲಿ ಅಂಗಡಿಯಲ್ಲಿ ಗಿರಾಕಿ ಯೂರಿಯಾ ಚೀಲ ಹೆಗಲಿಗೇರಿಸಿ ನಿಂತಿದ್ದಾರೆ, ಬಿಲ್ ಬರುತ್ತಿಲ್ಲ. ಅಣ್ಣನ ಫೋನು: "ತಮ್ಮಾ, ನಿನ್ನ ಸರ್ವರ್ ಮತ್ತ ಮಕ್ಕೊಂಡೈತಿ ನೋಡು."

ಒಂಬತ್ತು ತಿಂಗಳಿಗೆ ಸ್ಮಾರ್ಟ್, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ವರದಿ, ತೆರೆದು ನೋಡಿದೆ. ವಿಎಂಗಳಿಂದ ಬರೆದದ್ದು ಸುಮಾರು 11 ಟಿಬಿ. ಡ್ರೈವ್‌ನ ಗ್ಯಾರಂಟಿ 180 ಟಿಬಿಡಬ್ಲ್ಯು (ಒಟ್ಟು ಬರೆಯಬಹುದಾದ ಟಿಬಿ), ಅಂದರೆ ಶೇ 6 ಸವೆಯಬೇಕಿತ್ತು. ಸವೆದದ್ದು ಶೇ 23! ಸಣ್ಣ ಸಣ್ಣ ಬರಹಗಳನ್ನು ಕೂಡಲೇ ಫ್ಲ್ಯಾಷ್‌ಗೆ ಇಳಿಸು ಎಂದು ಝಡ್‌ಎಫ್‌ಎಸ್ ಹೇಳುತ್ತದೆ. ನಾಲ್ಕು ಕೆಬಿಗೂ ಡ್ರೈವ್ ಒಳಗೆ ಅದಕ್ಕಿಂತ ದೊಡ್ಡ ಜಾಗವನ್ನೇ ಬರೆಯಬೇಕಾಗುತ್ತದೆ. ಸವೆತ ಅಲ್ಲಿಂದ ಬಂತು.

ಆಮೇಲೆ ತರಿಸಿದ್ದೇ ಇಂಟೆಲ್ ಡಿಸಿ ಎಸ್3520, 480 ಜಿಬಿ, ಎರಡು. 2016ರಲ್ಲಿ ಬಂದ ಮಾಡೆಲ್, ಡೇಟಾ ಸೆಂಟರ್‌ನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಮಾಲು. ಒಂದಕ್ಕೆ 3,200 ರೂಪಾಯಿ. ಬಾಳಿಕೆ 945 ಟಿಬಿಡಬ್ಲ್ಯು. ಇದರೊಳಗೆ ಕೆಪಾಸಿಟರ್ ಇವೆ. ಕರೆಂಟ್ ಹೋದರೂ ಡ್ರೈವ್‌ನ ತಾತ್ಕಾಲಿಕ ಮೆಮೊರಿಯಲ್ಲಿ ಇದ್ದದ್ದನ್ನು ಫ್ಲ್ಯಾಷ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿರುತ್ತದೆ. ಹಾಗಾಗಿ ಡ್ರೈವ್ ಧೈರ್ಯವಾಗಿ "ಬರೆದಾಯ್ತು" ಎಂದು ತಕ್ಷಣ ಹೇಳಿಬಿಡುತ್ತದೆ, ಫ್ಲ್ಯಾಷ್‌ಗೆ ನಿಧಾನವಾಗಿ ಒಟ್ಟು ಮಾಡಿ ಬರೆಯುತ್ತದೆ. ಸ್ಪೀಡೂ ಬಂತು, ಸವೆತವೂ ಇಳಿಯಿತು. ಬಂದಾಗ ವೇರ್‌ಔಟ್ ಇಂಡಿಕೇಟರ್ 96 ಇತ್ತು, ಈಗ 93. ಹೊಸದರಲ್ಲಿ ಅದು 100 ಇರುತ್ತದೆ, ಸವೆದ ಹಾಗೆ ಇಳಿಯುತ್ತದೆ.

ನಮ್ಮಲ್ಲಿ ಏಪ್ರಿಲ್-ಮೇ ಗುಡುಗು ಮಳೆ ಗೊತ್ತಲ್ಲ, ಸಂಜೆ ನಾಲ್ಕಕ್ಕೆ ಮೋಡ ಕವಿದರೆ ಐದಕ್ಕೆ ಕರೆಂಟ್ ಇಲ್ಲ. ಇನ್ವರ್ಟರ್‌ಗೆ ಬದಲಾಗುವ ಆ ಒಂದು ಕ್ಷಣದಲ್ಲಿ ಸರ್ವರ್ ರೀಸ್ಟಾರ್ಟ್ ಆಗಿದ್ದು ಎಷ್ಟು ಸಲವೋ. ಎರಡು ವರ್ಷದಲ್ಲಿ ಸ್ಕ್ರಬ್ (ಝಡ್‌ಎಫ್‌ಎಸ್ ಇಡೀ ಡೇಟಾ ಓದಿ ಪರೀಕ್ಷಿಸುವುದು) ಮಾಡಿದಾಗೆಲ್ಲ ಎರರ್ ಸೊನ್ನೆ. ಆದರೂ ಯುಪಿಎಸ್ ಹಾಕಿ, ನಾನು ತಡವಾಗಿ ಹಾಕಿದೆ.

ಕೊರತೆ ಇಲ್ಲ ಎಂದಲ್ಲ. ವಾರಂಟಿ ಇಲ್ಲ. ಒಂದು ಡ್ರೈವ್ 31,000 ಗಂಟೆ ಓಡಿ ಬಂದಿತ್ತು. ಮಾರುವವರು ಸ್ಮಾರ್ಟ್ ವರದಿಯ ಫೋಟೊ ಕೊಡದಿದ್ದರೆ ಸುಮ್ನೆ ಮುಂದೆ ಹೋಗಿ. ಹಳೇ ಸಾಟಾ ಸಂಪರ್ಕ ಆದ್ದರಿಂದ ಹೊಸ ಎನ್‌ವಿಎಂಇ ಡ್ರೈವ್‌ಗಳ ಸ್ಪೀಡ್ ಕೇಳಬೇಡಿ. ಸಿನಿಮಾಗೆ ಹಾರ್ಡ್ ಡಿಸ್ಕೇ ಸಾಕು, ಆದರೆ ಎಸ್‌ಎಂಆರ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವುದು) ಅಲ್ಲ, ಸಿಎಂಆರ್ (ಬಿಡಿಬಿಡಿಯಾಗಿ ಬರೆಯುವುದು) ನೋಡಿ ತಗೊಳ್ಳಿ. ಎಸ್‌ಎಂಆರ್ ಆದರೆ ಮಿರರ್ ಮತ್ತೆ ಕಟ್ಟುವಾಗ ದಿನಗಟ್ಟಲೆ ಕಾಯಬೇಕಾಗುತ್ತದೆ. ಇನ್ನೊಂದು, ಸರ್ವರ್ ಒಂದೇ ಇದ್ದರೆ ಪ್ರಾಕ್ಸ್‌ಮಾಕ್ಸ್‌ನ ಎಚ್‌ಎ ಸೇವೆಗಳೆರಡನ್ನೂ (ಒಂದು ಸರ್ವರ್ ಬಿದ್ದರೆ ವಿಎಂಗಳನ್ನು ಇನ್ನೊಂದರಲ್ಲಿ ಎಬ್ಬಿಸುವವು) ನಿಲ್ಲಿಸಿ. ವ್ಯರ್ಥ ಬರವಣಿಗೆ ಕಡಿಮೆ ಆಗುತ್ತದೆ.

ಮೂರನೆಯ ಎಸ್3520 ಒಂದನ್ನು ತರಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಅಣ್ಣನ ಫೋನು ಈಗ ಬರುವುದಿಲ್ಲ. ಆದರೆ ಕಾರ್ಬನ್ ಪೇಪರ್ ಹಾಕಿದ ಬಿಲ್ ಬುಕ್ ಮಾತ್ರ ಇನ್ನೂ ಕೈಗೆ ಸಿಗುವ ಹಾಗೇ ಇಟ್ಟುಕೊಂಡಿದ್ದಾನೆ.