ಹೆರಿಗೆ ಅಮೆರಿಕದಲ್ಲೋ, ಬೆಂಗಳೂರಿನ ತವರಲ್ಲೋ?

ಆರೋಗ್ಯ ವಿಮೆಯಿಲ್ಲದೆ ಅಮೆರಿಕದಲ್ಲಿರುವ ಮಗಳ ಹೆರಿಗೆಯನ್ನು ಅಲ್ಲಿಯೇ ಮಾಡಿಸುವುದೋ, ಬೆಂಗಳೂರಿಗೆ ಕರೆಸಿಕೊಳ್ಳುವುದೋ ಎಂದು ಯೋಚಿಸುವವರು ಮೊದಲು ಗಮನಿಸಬೇಕಾದದ್ದು ಬಿಲ್ಲಿನ ಸ್ವರೂಪವನ್ನು. ಅಲ್ಲಿ ಆಸ್ಪತ್ರೆ, ಪ್ರಸೂತಿ ವೈದ್ಯರು, ಅರಿವಳಿಕೆ ತಜ್ಞರು, ಕೂಸಿನ ತಪಾಸಣೆ ಎಲ್ಲಕ್ಕೂ ಪ್ರತ್ಯೇಕ ಬಿಲ್ಲು ಬರುವುದುಂಟು. ಒಟ್ಟು ಮೊತ್ತ ಹತ್ತಾರು ಸಾವಿರ ಡಾಲರಿಗೆ ಏರುವುದು ಅಪರೂಪವಲ್ಲ. 1986ರ ಕಾಯ್ದೆಯಿಂದಾಗಿ, ಹೆರಿಗೆ ನೋವಿನಲ್ಲಿ ತುರ್ತು ವಿಭಾಗಕ್ಕೆ ಬಂದವಳನ್ನು ದುಡ್ಡಿಲ್ಲವೆಂದು ಹಿಂದಕ್ಕೆ ಕಳಿಸುವಂತಿಲ್ಲ, ಆದರೆ ಅದರಿಂದ ಬಿಲ್ಲು ಮನ್ನಾ ಆಗುವುದಿಲ್ಲ. 2022ರಿಂದ ವಿಮೆಯಿಲ್ಲದವರು ಅಂದಾಜು ವೆಚ್ಚವನ್ನು ಮೊದಲೇ ಲಿಖಿತವಾಗಿ ಪಡೆಯಬಹುದು. ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಮೀರಿದರೆ ತಕರಾರು ಸಲ್ಲಿಸಲು ಅವಕಾಶವಿದೆ.

ಬೆಂಗಳೂರಿನ ನರ್ಸಿಂಗ್ ಹೋಮ್‌ಗಳು ಸಾಮಾನ್ಯವಾಗಿ ಪ್ಯಾಕೇಜ್ ದರ ಹೇಳುತ್ತವೆ. ಮಗುವನ್ನು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇಡಬೇಕಾದರೆ ಆ ಖರ್ಚು ಯಾರ ತಲೆಗೆ ಎಂಬುದನ್ನು ಮಾತ್ರ ಕೇಳಿಯೇ ಮುಂಗಡ ಕಟ್ಟಬೇಕು. ಬಾಣಂತಿಗೆ ಬೇಕಾದ ಎಣ್ಣೆನೀರು, ಬಿಸಿಬಿಸಿ ಮೆಣಸಿನ ಸಾರು ಯಾವ ಪ್ಯಾಕೇಜಿನಲ್ಲೂ ಇಲ್ಲ, ಅವು ತವರಿನ ಲೆಕ್ಕ. ಆದರೆ 36 ವಾರ ದಾಟಿದವರನ್ನು ಬಹುತೇಕ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ಇಲ್ಲಿ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟು, ವೀಸಾ ಆಗುವವರೆಗೆ ತಾಯಿಯೂ ಕಾಯಬೇಕು. ಆರನೆಯ ತಿಂಗಳಾಗಿದ್ದು, ವೈದ್ಯರು ಪ್ರಯಾಣಕ್ಕೆ ಒಪ್ಪಿದ್ದರೆ ನನ್ನ ಮತ ಬೆಂಗಳೂರಿಗೆ. ರಕ್ತದೊತ್ತಡದಂಥ ತೊಡಕಿದ್ದರೆ ಅಲ್ಲಿಯೇ ಉಳಿದು, ಲಾಭರಹಿತ ಆಸ್ಪತ್ರೆಯೊಂದರ ಆರ್ಥಿಕ ನೆರವಿಗೆ ಇಂದೇ ಅರ್ಜಿ ಹಾಕುವುದು ಲೇಸು.