ಈಜು ಕಲಿಯೋ ಮಗುವಿಗೆ ಯಾವ ಫ್ಲೋಟ್? ನಾನು ತಂದಿದ್ದು ನಾಲ್ಕು, ಕೆಲಸಕ್ಕೆ ಬಂದಿದ್ದು ಎರಡು

ಈ ಬೇಸಿಗೆ ರಜೆಯಲ್ಲಿ ಮಗಳನ್ನು ದಾವಣಗೆರೆಯಲ್ಲೇ ಈಜು ಕ್ಲಾಸಿಗೆ ಸೇರಿಸಿದೆ. ಅವಳಿಗೆ ಏಳು ವರ್ಷ, ತೂಕ 21 ಕೆ.ಜಿ. ತೂಕ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಫ್ಲೋಟುಗಳನ್ನು ವಯಸ್ಸು ನೋಡಿ ಅಲ್ಲ, ತೂಕ ನೋಡಿ ತಗೋಬೇಕು. ಅದು ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ಮೊದಲು ತರಿಸಿದ್ದು ತೋಳಿಗೆ ಹಾಕೋ ಗಾಳಿ ಬ್ಯಾಂಡು. ಆನ್‌ಲೈನಲ್ಲಿ 180 ರೂಪಾಯಿ. ಕವರ್ ಮೇಲೆ ‘3ರಿಂದ 8 ವರ್ಷ’ ಅಂತ ಇತ್ತು, ಕೆ.ಜಿ. ಲೆಕ್ಕ ಎಲ್ಲೂ ಇರಲಿಲ್ಲ. ಎರಡನೇ ದಿನವೇ ಎಡಗೈದು ಮೆತ್ತಗಾಯಿತು. ಮನೆಗೆ ತಂದು ಬಕೆಟ್ ನೀರಲ್ಲಿ ಅದುಮಿ ಹಿಡಿದೆ. ವಾಲ್ವಿನ ಬುಡದಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಮೇಲೆ ಬರುತ್ತಿತ್ತು. ಮುಚ್ಚಳ ತೆಗೆದೆ, ಗಾಳಿಯೆಲ್ಲ ಬುಸ್ ಅಂತ ಹೊರಗೆ ಬಂತು. ಒಳ್ಳೆಯ ಬ್ಯಾಂಡಿನಲ್ಲಿ ಮುಚ್ಚಳ ಬಿಚ್ಚಿದರೂ ಗಾಳಿ ತಡೆಯೋ ಪೊರೆ ಒಳಗಿರುತ್ತದೆ, ಇದರಲ್ಲಿ ಅದೇ ಇರಲಿಲ್ಲ. ಮಗು ನೀರಲ್ಲಿರುವಾಗ ಆ ಮುಚ್ಚಳ ಕಿತ್ತು ಬಂದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಆದರೆ ಒಳ್ಳೆಯ ಬ್ಯಾಂಡೇ ಸಿಕ್ಕಿದರೂ ನಾನು ಇನ್ನೊಂದು ಸಲ ತಗೊಳ್ಳೋದಿಲ್ಲ. ತೋಳಿಗೆ ಕಟ್ಟಿದರೆ ಭುಜ ಮೇಲೆ, ಕಾಲು ಕೆಳಗೆ. ಮಗು ನೀರಲ್ಲಿ ಮಲಗೋದೇ ಇಲ್ಲ, ನಿಂತುಕೊಂಡೇ ಸೈಕಲ್ ತುಳಿದ ಹಾಗೆ ಕಾಲಾಡಿಸುತ್ತದೆ. ಕೈ ಬೀಸೋಕೂ ಆಗಲ್ಲ. ಈಜಬೇಕು ಅಂದರೆ ಮೈ ನೀರಿನ ಮೇಲೆ ಉದ್ದಕ್ಕೆ ಮಲಗಬೇಕು, ಮುಖ ಒಳಗಿಟ್ಟು ಉಸಿರು ಬಿಡೋದು ಕಲಿಯಬೇಕು ಅಲ್ವಾ? ಇನ್ನು ಸೊಂಟಕ್ಕೆ ಹಾಕೋ ಗಾಳಿ ಟ್ಯೂಬ್ ಬರೀ ಆಟದ ಸಾಮಾನು. ಒಮ್ಮೆ ಮಗುಚಿದರೆ ತಲೆ ಕೆಳಗಾದ ಮಗುವಿಗೆ ತಾನಾಗಿ ಮೇಲೆ ಬರೋದು ಕಷ್ಟ.

ನನಗೆ ಹಿಡಿಸಿದ್ದು ಬೆನ್ನಿಗೆ ಕಟ್ಟೋ ಫೋಮ್ ಫ್ಲೋಟ್. 650 ರೂಪಾಯಿ ಕೊಟ್ಟೆ. ಒಂದು ಬೆಲ್ಟು, ಅದಕ್ಕೆ ಪೋಣಿಸಿದ ಮೂರು ಫೋಮ್ ಬಿಲ್ಲೆ. ಗಾಳಿ ಹೋಗೋ ಭಯವೇ ಇಲ್ಲ, ಕಲಿತ ಹಾಗೆ ಒಂದೊಂದೇ ಬಿಲ್ಲೆ ತೆಗೆಯಬಹುದು. ನಮ್ಮಜ್ಜ ಹೊನ್ನಾಳಿ ಕಡೆ ತುಂಗಭದ್ರೆಯಲ್ಲಿ ಕಲಿತಿದ್ದು ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಈಸುಬುರುಡೆ ಅನ್ನುತ್ತಿದ್ದರು. ಮೊದಲು ಎರಡು ಬುರುಡೆ, ಸ್ವಲ್ಪ ದಿನ ಕಳೆದ ಮೇಲೆ ಒಂದು, ಆಮೇಲೆ ಬರೀ ಮೈ. ಇದೂ ಅದೇ ಲೆಕ್ಕ. ಬಿಚ್ಚುತ್ತಾ ಹೋಗೋಕೆ ಬರುವಂಥದ್ದೇ ಕಲಿಯೋಕೆ ಸರಿ.

ಕಟ್ಟುವಾಗ ಎರಡು ವಿಷಯ ನೋಡಿ. ಬೆಲ್ಟು ಸಡಿಲ ಇದ್ದರೆ ನೀರಿಗಿಳಿದ ಕೂಡಲೇ ಜಾರಿ ಕಂಕುಳಿಗೆ ಬಂದು ಕೂರುತ್ತದೆ, ಆದ್ದರಿಂದ ಹೊಟ್ಟೆಗೆ ತೀರಾ ಬಿಗಿಯದ ಹಾಗೆ, ಆದರೆ ಎಳೆದರೆ ಮೇಲೆ ಬರದ ಹಾಗೆ ಇರಬೇಕು, ಬಕಲ್ ಮಗು ತಾನೇ ಬಿಚ್ಚದ ಹಾಗೆ ಹಿಂದೆ ಇದ್ದರೆ ಒಳ್ಳೆಯದು. ಇನ್ನೊಂದು, ತೇಲೋದು ಬೆನ್ನ ಮೇಲಿದ್ದರೆ ಮೈ ಮುಂದಕ್ಕೆ ವಾಲುತ್ತದೆ. ತಲೆ ಎತ್ತಿ ಉಸಿರು ತಗೊಳ್ಳೋದು ರೂಢಿ ಆಗೋ ತನಕ ನಾನು ನೀರಲ್ಲೇ ಇದ್ದೆ, ಕೈಗೆ ಎಟುಕೋ ದೂರದಲ್ಲಿ.

ಕಿಕ್‌ಬೋರ್ಡೂ, ಅಂದರೆ ಕೈಯಲ್ಲಿ ಹಿಡಿಯೋ ತೇಲೋ ಹಲಗೆಯೂ ಚೆನ್ನಾಗಿದೆ. ಕೈ ಮುಂದೆ ಚಾಚಿ ಹಿಡಿದು ಕಾಲು ಬಡಿಯೋಕೆ ಅದಕ್ಕಿಂತ ಸುಲಭದ್ದು ಇಲ್ಲ. ತೊಡೆ ಮಧ್ಯೆ ಸಿಕ್ಕಿಸಿಕೊಳ್ಳೋ ಪುಲ್ ಬಾಯ್ ಮಾತ್ರ ಸುಮ್ನೆ ತಂದೆ. ಅದು ಕಾಲನ್ನು ತೇಲಿಸಿಟ್ಟು ಕೈ ಬೀಸೋದನ್ನು ಪಳಗಿಸೋಕೆ, ಈಜು ಬಂದವರಿಗೆ.

ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಚೀಟಿ ಓದಿ. ಇಎನ್ 13138 ಅಂತ ಯುರೋಪಿನ ಗುಣಮಟ್ಟದ ಗುರುತು ಇದೆ. ಅದರ ಮುಂದೆ 1 ಅಂತಿದ್ದರೆ ಮೈಗೆ ಕಟ್ಟುವಂಥದ್ದು, 2 ಅಂತಿದ್ದರೆ ಕೈಯಲ್ಲಿ ಹಿಡಿಯುವಂಥದ್ದು. ಜೊತೆಗೆ ತೂಕದ ಮಿತಿಯೂ ಇರಬೇಕು. ಇವು ಮುಳುಗದಂತೆ ಕಾಪಾಡೋದಿಲ್ಲ ಅಂತ ಆ ಚೀಟಿಯಲ್ಲೇ ಬರೆದಿರುತ್ತದೆ, ದಯವಿಟ್ಟು ಆ ಸಾಲು ಓದಿ. ಲೈಫ್ ಜಾಕೆಟ್ ಬೇರೆ, ಇದು ಬೇರೆ. ಜಾಕೆಟ್ಟಿನ ಮೇಲೆ ನ್ಯೂಟನ್ ಲೆಕ್ಕ ಇರುತ್ತದೆ. 50 ಅಂದರೆ ಸುಮಾರು 5 ಕೆ.ಜಿ. ಎತ್ತುವ ಬಲ, ಅದೂ ಈಜು ಬಂದವರಿಗೆ. ಈಜು ಬಾರದವರು ದೋಣಿ ಹತ್ತೋದಾದರೆ 100 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಫ್ಲೋಟ್ ಕಟ್ಟಿದ್ದೀವಲ್ಲ ಅಂತ ಮಕ್ಕಳನ್ನು ಭದ್ರಾ ನಾಲೆಗೆ ಮಾತ್ರ ಇಳಿಸಬೇಡಿ. ಹರಿಯೋ ನೀರು ಎಳೆದುಕೊಂಡು ಹೋಗುತ್ತದೆ, ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿದ್ದರೆ ಹಿಡಿದು ಹತ್ತೋಕೂ ಆಗಲ್ಲ.

ಕೊಳದಿಂದ ಬಂದ ಮೇಲೆ ಬೆಲ್ಟನ್ನು ಒಳ್ಳೆ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸುತ್ತೇನೆ. ಕ್ಲೋರಿನ್‌ಗೂ ನಮ್ಮೂರ ಬಿಸಿಲಿಗೂ ಪಟ್ಟಿ ಬೇಗ ಹಾಳಾಗುತ್ತದೆ.

ಮಗಳದ್ದು ಈಗ ಒಂದೇ ಬಿಲ್ಲೆ ಉಳಿದಿದೆ. ಚಿತ್ರದುರ್ಗದಲ್ಲಿರೋ ತಂಗಿ ನೋಡಿದವಳೇ, ‘ಅಕ್ಕಾ, ನಿಂದು ಮುಗಿದ ಮೇಲೆ ನನ್ನ ಮಗನಿಗೆ ಕೊಡೇ’ ಅಂದಳು. ಅವನಿನ್ನೂ 13 ಕೆ.ಜಿ., ಬೆಲ್ಟಿನ ಚೀಟಿಯಲ್ಲಿ 15ರಿಂದ 30 ಅಂತ ಇದೆ. ಮುಂದಿನ ಬೇಸಿಗೆಗೆ ಕೊಡುತ್ತೇನೆ ಅಂದೆ.